ಪುಟ್ಟಿಗೆ, ಆ ಎರಡನೇ ಸೆನ್ಸರ್ ಬಗ್ಗೆ

ಪ್ರೀತಿಯ ಪುಟ್ಟಿ,

ಉಳಿದ ವಿಷಯ ಆಮೇಲೆ ಬರೆಯುತ್ತೇನೆ. ನೀನು ಡಿಸೈನ್ ಮಾಡುತ್ತಿರುವ ವಾರ್ಮರ್, ಅಂದರೆ ಎಳೆಗೂಸುಗಳನ್ನು ಬೆಚ್ಚಗಿಡುವ ಮೆಷಿನ್, ಅದರ ಮಾತು ಮೊದಲು. "ಎರಡನೇ ಸೆನ್ಸರ್ ತೆಗೆದರೆ ವಾರ್ಮರ್ ಬೆಲೆ ಇಳಿಯುತ್ತೆ ದೊಡ್ಡಮ್ಮ, ಆದರೆ ಅದರಿಂದ ಒಂದು ಮಗು ಹೋದರೆ?" ಅಂತ ಕೇಳಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ನಾವು ಮೊದಲು 200 ವ್ಯಾಟಿನ ಬಲ್ಬು ಇಳಿಬಿಟ್ಟು ಮಕ್ಕಳನ್ನು ಬೆಚ್ಚಗಿಡುತ್ತಿದ್ದವರು. ವಾರ್ಮರ್ ಬಂದ ದಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದೆವು. ಒಂದು ಸಂಜೆ, ಮೈಬಿಸಿ ಅಳೆಯಲು ಮಗುವಿನ ಹೊಟ್ಟೆಗೆ ಅಂಟಿಸಿದ್ದ ಸೆನ್ಸರ್, ಅದೇ ಪ್ರೋಬ್, ಬೆವರಿಗೆ ಬಿಟ್ಟುಕೊಂಡಿತ್ತು. ಮಗು ತಣ್ಣಗಿದೆ ಅಂದುಕೊಂಡು ಮೆಷಿನ್ ಬಿಸಿ ಏರಿಸುತ್ತಲೇ ಇತ್ತು. ನಾನು ಪಕ್ಕದಲ್ಲೇ ಕೇಸ್ ಶೀಟ್ ಬರೆಯುತ್ತಾ ಕೂತಿದ್ದೆ. ತಿರುಗಿ ನೋಡಿದರೆ ಮೈಯೆಲ್ಲ ಕೆಂಪು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 39 ಡಿಗ್ರಿ. ಮಗು ಉಳಿಯಿತು. ಆ ಅಂಟು ನೋಡಬೇಕಾದವಳು ನಾನೇ ಆಗಿದ್ದೆ.

ಅದಕ್ಕೇ ನಿನ್ನ ಭಯ ಸುಮ್ನೆ ಅಂತ ಹೇಳಲಾರೆ.

ಆಮೇಲೆ ಅದೇ ಪ್ರೋಬಿನ ವೈರ್ ತುಂಡಾಯಿತು. ಹೊಸದು ಬರಲು ಏಳು ತಿಂಗಳು. ಮೆಷಿನ್ ಮೇಲೆ ಬೆಡ್‌ಶೀಟ್ ಹೊದಿಸಿಟ್ಟೆವು. ಆ ಮಳೆಗಾಲದಲ್ಲಿ 1,400 ಗ್ರಾಂ ತೂಕದ ಹೆಣ್ಣುಮಗುವನ್ನು ಜಿಲ್ಲಾಸ್ಪತ್ರೆಗೆ ಕಳಿಸಿದೆವು. ಮುಟ್ಟಿದರೆ ಹೊಟ್ಟೆ ಬೆಚ್ಚಗೆ, ಪಾದ ತಣ್ಣಗೆ. ದಾರಿಯಲ್ಲೇ ಹೋಯಿತು. ತಾಯಿಯ ಎದೆಗೆ, ಮೈಗೆ ಮೈ ತಾಗುವಂತೆ ಕಟ್ಟಿ ಕಳಿಸಬೇಕಿತ್ತು. ಆಗ ನನಗೆ ಗೊತ್ತಿರಲಿಲ್ಲ ಕಣೇ. ಮೆಷಿನ್ ಕೆಟ್ಟು ಮಗುವನ್ನು ಸುಟ್ಟರೆ ತನಿಖೆ ಆಗುತ್ತದೆ. ಮೆಷಿನ್ ಇಲ್ಲದೆ ಹೋದ ಮಗುವಿನ ಬಗ್ಗೆ ಯಾರೂ ಕೇಳಲಿಲ್ಲ.

ದುಬಾರಿಯಾದದ್ದೇ ಗಟ್ಟಿ ಅಂತಲೂ ಅಲ್ಲ. ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ ಹೃದಯದ ಸರ್ಜನ್ ಡಾ. ವಲಿಯತ್ತಾನ್ ಅವರ ತಂಡ ತಾವು ಮಾಡುತ್ತಿದ್ದ ಕೃತಕ ಹೃದಯ ಕವಾಟಕ್ಕೆ ಕೃತಕ ನೀಲಮಣಿಯ ಬಿಲ್ಲೆ ಹಾಕಿ ನೋಡಿತ್ತು. ಅದು ಒಡೆಯಿತು. ಕೊನೆಗೆ ನಿಂತದ್ದು ಒಂದು ಬಗೆಯ ಪ್ಲಾಸ್ಟಿಕ್, ಪಾಲಿಎಥಿಲೀನ್. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿದರು. ಆದರೆ ನೀಲಮಣಿ ಒಡೆದದ್ದು ಕುರಿಯ ಎದೆಯಲ್ಲಿ, ಮನುಷ್ಯರ ಎದೆಯಲ್ಲಲ್ಲ. ಪರೀಕ್ಷೆಯ ಖರ್ಚನ್ನು ಅವರು ಉಳಿಸಲಿಲ್ಲ.

ಮತ್ತೆ ಆ ಸೆನ್ಸರಿಗೇ ಬರುತ್ತೇನೆ. ಡಿಸೈನ್ ನನಗೆ ತಿಳಿಯದು, ಹೆಚ್ಚು ಮಾತಾಡಿದರೆ ಕ್ಷಮಿಸು. ದೊಡ್ಡ ಸ್ಕ್ರೀನ್ ಬೇಡ, ಹೊಳೆಯುವ ಬಾಡಿಯೂ ಬೇಡ. ಪ್ರೋಬ್ ಕಳಚಿದರೆ ಕೂಗುವ ಅಲಾರಂ ಮಾತ್ರ ತೆಗೆಯಬೇಡ. ಬಿಸಿ ಮಿತಿ ಮೀರಿದರೆ ಹೀಟರನ್ನೇ ನಿಲ್ಲಿಸುವ ಬೇರೆ ಥರ್ಮೋಸ್ಟಾಟ್ ಇಡೋಕಾಗುತ್ತಾ, ನೋಡು. ತುಂಡಾದ ವೈರಿನ ಬದಲು ನಮ್ಮೂರಲ್ಲೇ ಸಿಗುವ ವೈರ್ ಹಾಕೋ ಹಾಗಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರನ್ನು ಕೇಳಿದೆಯಾ?

ಮುಂದಿನ ಸಲ ಬರುವಾಗ ಒಂದು ಪ್ರೋಬ್ ತಗೊಂಡು ಬಾ. ನನ್ನ ಹೊಟ್ಟೆಗೆ ಅಂಟಿಸಿ, ಬೆವರಿದರೆ ಎಷ್ಟು ಹೊತ್ತು ನಿಲ್ಲುತ್ತೆ ನೋಡೋಣ.

ನಿನ್ನ ದೊಡ್ಡಮ್ಮ