ಹನ್ನೊಂದನೇ ಪುಟದಲ್ಲಿ ಹೋಮ್ಸ್ ಅತ್ತದ್ದು: ಮಗಳಿಗೊಂದು ಪತ್ರ

ಪುಟ್ಟೀ,

ನೀನು ಬರೆದ ಫ್ಯಾನ್ ಫಿಕ್ಷನ್‌ನಲ್ಲಿ, ಅಂದರೆ ಕಾನನ್ ಡಾಯ್ಲ್‌ನ ಪತ್ತೇದಾರಿ ಪಾತ್ರಗಳನ್ನಿಟ್ಟು ಅಭಿಮಾನಿಯಾಗಿ ಕಟ್ಟಿದ ಕಥೆಯಲ್ಲಿ, ವಾಟ್ಸನ್‌ಗೆ ಜ್ವರ ನೆತ್ತಿಗೇರಿದೆ. ಶೆರ್ಲಾಕ್ ಹೋಮ್ಸ್ ಮಂಚದ ಪಕ್ಕ ಕೂತು ಗಳಗಳನೆ ಅಳುತ್ತಾನೆ, "ನೀನಿಲ್ಲದೆ ನಾನಿಲ್ಲ" ಅನ್ನುತ್ತಾನೆ. ನಿನ್ನ ಗೆಳತಿ ಇದು ಓಓಸಿ (ಔಟ್ ಆಫ್ ಕ್ಯಾರೆಕ್ಟರ್), ಹೋಮ್ಸ್ ಇಂಥವನಲ್ಲ ಅಂದಳು. ಅವನೂ ಮನುಷ್ಯನೇ ಅಲ್ಲವಾ ಅಂತ ನೀನು. ವಾದ ಅಲ್ಲೇ ಜಗ್ಗಾಡುತ್ತಿದೆ. ಹೋಮ್ಸ್ ಅಳುತ್ತಾನೋ ಇಲ್ಲವೋ ಎಂದು ಕೇಳಿದರೆ ಅದು ಜಗ್ಗಾಡುತ್ತಲೇ ಇರುತ್ತದೆ. ಅವನು ಅಳಬೇಕಾದರೆ ಅದಕ್ಕೆ ಮುಂಚೆ ಏನೇನು ಆಗಿರಬೇಕು ಎಂದು ಕೇಳಿಕೋ. ಆ ಪ್ರಶ್ನೆಗೆ ಉತ್ತರ ಇದೆ, ಉತ್ತರವನ್ನು ಬರೆಯಲೂ ಬರುತ್ತದೆ.

ಮೂಲದಲ್ಲೇ ಇಂಥದೊಂದು ಗಳಿಗೆ ಇದೆಯಲ್ಲ, 1924ರಲ್ಲಿ ಬಂದ ಮೂವರು ಗ್ಯಾರಿಡೆಬ್‌ಗಳ ಕಥೆಯಲ್ಲಿ. ವಾಟ್ಸನ್‌ನ ತೊಡೆಗೆ ಗುಂಡು ತಾಗುತ್ತದೆ. ಹೋಮ್ಸ್ ಪಿಸ್ತೂಲಿನಿಂದ ಆ ಖದೀಮನ ತಲೆಗೆ ಬಡಿಯುತ್ತಾನೆ, ಗೆಳೆಯನನ್ನು ಕುರ್ಚಿಗೆ ಕೂರಿಸುತ್ತಾನೆ, ಚಾಕುವಿನಿಂದ ಬಟ್ಟೆ ಸೀಳಿ ಗಾಯ ನೋಡುತ್ತಾನೆ. ಬರೀ ತರಚುಗಾಯ ಎಂದು ಖಾತ್ರಿಯಾದ ಮೇಲೆ ಕೈದಿಯತ್ತ ತಿರುಗಿ, ವಾಟ್ಸನ್ ಸತ್ತಿದ್ದರೆ ನೀನು ಜೀವಂತ ಹೊರಗೆ ಹೋಗುತ್ತಿರಲಿಲ್ಲ ಅನ್ನುತ್ತಾನೆ. ಕಣ್ಣು ಮಂಜಾದದ್ದು, ತುಟಿ ನಡುಗಿದ್ದು ಒಂದೇ ಕ್ಷಣ. ಮೊದಲ ಕಥೆ ಬಂದದ್ದು 1887ರಲ್ಲಿ. 37 ವರ್ಷ ಬಿಗಿಯಾಗಿ ಕಟ್ಟಿಟ್ಟ ಗಂಟು ಅದು, ಒಮ್ಮೆ ಸಡಿಲವಾಗಿದೆ. ನೀನು ಗಂಟು ಹಾಕುವ ಮೊದಲೇ ಬಿಚ್ಚಿಬಿಟ್ಟಿದ್ದೀಯ, ತೊಂದರೆ ಇರುವುದು ಅಲ್ಲಿ.

(ಈ ಮೃದು ಹೋಮ್ಸ್ ಕೋರ್ಟಿನ ಮೆಟ್ಟಿಲನ್ನೂ ಹತ್ತಿದ್ದಾನೆ. ಹೋಮ್ಸ್‌ನ ತಂಗಿಯ ಕಥೆ ಹೇಳುವ ಎನೋಲಾ ಹೋಮ್ಸ್ ಸಿನಿಮಾದ ಮೇಲೆ 2020ರಲ್ಲಿ, ಡಾಯ್ಲ್‌ನ ಕೃತಿಗಳ ಹಕ್ಕು ನೋಡಿಕೊಳ್ಳುವ ಕಾನನ್ ಡಾಯ್ಲ್ ಎಸ್ಟೇಟಿನವರು ಅಮೆರಿಕದಲ್ಲಿ ದಾವೆ ಹೂಡಿದರು. ಭಾವನೆ ತೋರಿಸುವ ಹೋಮ್ಸ್ ಇರುವುದು ಕೊನೆಗಾಲದ ಕಥೆಗಳಲ್ಲಿ, ಅವುಗಳ ಹಕ್ಕು ಇನ್ನೂ ನಮ್ಮದೇ ಎಂಬುದು ಅವರ ವಾದ. ತೀರ್ಪಿನವರೆಗೆ ಹೋಗದೆ ಅದೇ ವರ್ಷ ಮುಗಿಯಿತು. ಪಾತ್ರದ ಸ್ವಭಾವಕ್ಕೂ ಪಹಣಿ ಬರೆಸಲು ಹೊರಟಿದ್ದರು ನೋಡು!)

ಸ್ವಭಾವ ಬೇರೆ, ವೇಷ ಬೇರೆ. ಕಿವಿ ಮುಚ್ಚುವ ಆ ಟೋಪಿಯನ್ನು ಹೋಮ್ಸ್‌ನ ತಲೆಗಿಟ್ಟವನು ಚಿತ್ರಕಾರ ಸಿಡ್ನಿ ಪ್ಯಾಜೆಟ್. ಎಲ್ಲರ ಬಾಯಲ್ಲೂ ಇರುವ ಆ "ಎಲಿಮೆಂಟರಿ, ಮೈ ಡಿಯರ್ ವಾಟ್ಸನ್" ಎಂಬ ಮಾತು ಡಾಯ್ಲ್ ಬರೆದ 4 ಕಾದಂಬರಿ, 56 ಕಥೆಗಳಲ್ಲಿ ಎಲ್ಲೂ ಇಲ್ಲ. ಇವೆಲ್ಲ ಮೂಲ ಲೇಖಕನದಲ್ಲ, ಆಮೇಲೆ ಕೂಡಿಕೊಂಡದ್ದು. ಇವನ್ನು ತುಂಬಿದರೆ ಪಾತ್ರ ನಿಜವಾಗುವುದಿಲ್ಲ, ಬಿಟ್ಟರೆ ಸುಳ್ಳಾಗುವುದೂ ಇಲ್ಲ. ಡಾಯ್ಲ್‌ನೇ ವಾಟ್ಸನ್‌ನ ಯುದ್ಧದ ಗಾಯವನ್ನು ಮೊದಲ ಕಾದಂಬರಿಯಲ್ಲಿ ಹೆಗಲಲ್ಲಿಟ್ಟು ಎರಡನೆಯದರಲ್ಲಿ ಕಾಲಿಗೆ ಇಳಿಸಿದ. ಓದುಗರು ನಕ್ಕರು, ವಾಟ್ಸನ್ ಹೋಗಿ ಇನ್ನೊಬ್ಬನಾದ ಎಂದು ಯಾರೂ ಅನ್ನಲಿಲ್ಲ.

ಹಾಗಾದರೆ ಏನನ್ನು ಹಿಡಿದುಕೊಳ್ಳಬೇಕು? ಇಕ್ಕಟ್ಟಿನ ಆಯ್ಕೆಗಳನ್ನು. ಎರಡು ದಾರಿ ಇದ್ದು ಪಾತ್ರ ಒಂದನ್ನು ಆರಿಸಿದ ಐದು ದೃಶ್ಯ ಮೂಲದಿಂದ ಹೆಕ್ಕು. ಒಂದೊಂದಕ್ಕೂ ನಾಲ್ಕು ಸಾಲು ಬರೆ: ಅವನ ಕಣ್ಣಿಗೆ ಮೊದಲು ಬಿದ್ದದ್ದು, ಅವನಿಗೆ ಬೇಕಿದ್ದದ್ದು, ಮಾಡಿದ್ದು, ಬಾಯಿಬಿಟ್ಟು ಹೇಳದೆ ಉಳಿಸಿಕೊಂಡದ್ದು. 1891ರ ಬೊಹೀಮಿಯಾ ಕಥೆಯಲ್ಲಿ ರಾಜ ಪಚ್ಚೆಯ ಉಂಗುರ ಕಳಚಿ ಕೊಡಲು ಬರುತ್ತಾನೆ. ಹೋಮ್ಸ್ ಅದನ್ನು ಬಿಟ್ಟು ತನ್ನನ್ನು ಸೋಲಿಸಿದ ಐರೀನ್ ಆಡ್ಲರಳ ಫೋಟೋ ಕೇಳುತ್ತಾನೆ, ರಾಜ ಚಾಚಿದ ಕೈಯನ್ನು ನೋಡದೆಯೇ ಹೊರಡುತ್ತಾನೆ. ನಾಲ್ಕನೇ ಸಾಲಲ್ಲಿ ಏನು ಬರೆಯುತ್ತೀಯ? ಗೌರವ ಎಂದೋ ಮೆಚ್ಚುಗೆ ಎಂದೋ ಬರೆದೀಯ. ಏನೇ ಬರೆದರೂ ಅದು ಅವನ ಬಾಯಿಂದ ಬಂದಿಲ್ಲ, ಕೇಳಿದ ವಸ್ತುವಿನಲ್ಲಿದೆ. ಐದು ದೃಶ್ಯ ಮುಗಿಯುವಷ್ಟರಲ್ಲಿ ಇವನ ಒಳಗಿನದು ಯಾವ ಬಾಗಿಲಿಂದ ಹೊರಗೆ ಬರುತ್ತದೆ ಎಂಬುದು ಗೊತ್ತಾಗಿರುತ್ತದೆ.

ಎಯು (ಆಲ್ಟರ್ನೇಟ್ ಯೂನಿವರ್ಸ್), ಅಂದರೆ ಪಾತ್ರಗಳನ್ನು ಬೇರೊಂದು ಲೋಕಕ್ಕೋ ಕಾಲಕ್ಕೋ ಒಯ್ದ ಕಥೆ, ಬರೆಯುವಾಗಲೂ ಇದೇ ಲೆಕ್ಕ. ಎರಡನೇ ಕಾದಂಬರಿಯ ಶುರುವಿನಲ್ಲಿ ಹೋಮ್ಸ್ ಶೇಕಡಾ 7ರ ಕೊಕೇನ್ ದ್ರಾವಣ ಚುಚ್ಚಿಕೊಳ್ಳುತ್ತಾನೆ, ಕೆಲಸವಿಲ್ಲದ ಮೆದುಳು ಅವನನ್ನೇ ತಿನ್ನುತ್ತದೆ ಎಂಬ ಕಾರಣಕ್ಕೆ. ಇನ್ನೊಂದು ಕಾಲಕ್ಕೆ ಅವನನ್ನು ಒಯ್ದರೆ ಸಿರಿಂಜ್ ಬಿಟ್ಟುಹೋಗಬಹುದು, ಆ ಬೇಸರ ಬಿಟ್ಟುಹೋದರೆ ಉಳಿಯುವುದು ಹೆಸರು ಮಾತ್ರ.

ನಿನ್ನ ಹನ್ನೊಂದನೇ ಪುಟದಲ್ಲಿ ಇನ್ನೊಂದು ಎಡವಟ್ಟಾಗಿದೆ. ಹೋಮ್ಸ್‌ನ ಮನಸ್ಸಿನೊಳಗೇ ಹೊಕ್ಕಿದ್ದೀಯ. 60 ಕಥನಗಳಲ್ಲಿ ಹೋಮ್ಸ್‌ನೇ ನಿರೂಪಕನಾಗಿರುವುದು ಎರಡರಲ್ಲಿ. ಉಳಿದವು ಹೆಚ್ಚುಕಡಿಮೆ ಎಲ್ಲವೂ ವಾಟ್ಸನ್ ಹೇಳಿದ್ದು. ವಾಟ್ಸನ್‌ಗೆ ಕಾಣದ್ದು ನಮಗೂ ಕಾಣುವುದಿಲ್ಲ, ಆ ಮರೆಯಲ್ಲೇ ಹೋಮ್ಸ್ ಎತ್ತರಕ್ಕೆ ಬೆಳೆದದ್ದು. ಅದೇ ಜ್ವರ, ಅದೇ ರಾತ್ರಿ, ವಾಟ್ಸನ್‌ನ ಬಾಯಲ್ಲಿ ಹೀಗೆ ಆಗಬಹುದಿತ್ತು:

"ಬೆಳಿಗ್ಗೆ ಮಂಚದ ಪಕ್ಕ ಒಂದು ಚೀಟಿ ಸಿಕ್ಕಿತು. ರಾತ್ರಿ 11ರಿಂದ ಬೆಳಗಿನ 6ರವರೆಗೆ, ಕಾಲು ಗಂಟೆಗೊಮ್ಮೆ ನನ್ನ ಜ್ವರದ ಅಂಕೆ. ಒಟ್ಟು 29. ಮೂರು ಗಂಟೆಯದನ್ನು ಮಾತ್ರ ಎರಡು ಸಲ ತಪ್ಪು ಬರೆದು ಹೊಡೆದುಹಾಕಿತ್ತು. ಹೋಮ್ಸ್‌ನ ಕೈಯಲ್ಲಿ ಅಂಕೆ ತಪ್ಪಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ."

ಇಲ್ಲಿ ಅವನು ಅತ್ತನೋ ಇಲ್ಲವೋ ಗೊತ್ತಿಲ್ಲ. ನಿನ್ನ ಗೆಳತಿಗೂ ಜಗಳಕ್ಕೆ ಜಾಗ ಸಿಗುವುದಿಲ್ಲ.

ಮತ್ತೆ ಆ "ನೀನಿಲ್ಲದೆ". ಮೊದಲ ಹತ್ತು ಪುಟ ಇಬ್ಬರೂ "ನೀವು" ಎಂದೇ ಮಾತಾಡುತ್ತಾರೆ, ಹನ್ನೊಂದರಲ್ಲಿ ಅದು "ನೀನು" ಆಗಿದೆ, ನಿನಗೇ ಅರಿವಿಲ್ಲದೆ. ಇಂಗ್ಲಿಷಿನ "ಯೂ" ನಿನ್ನನ್ನು ಈ ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ, ಕನ್ನಡ ಬಿಡುವುದಿಲ್ಲ. ವರ್ಷಗಟ್ಟಲೆ ಒಂದೇ ಮನೆ ಹಂಚಿಕೊಂಡವರು, ಆದರೂ ಒಬ್ಬರನ್ನೊಬ್ಬರು ಕರೆಯುವುದು ಮನೆತನದ ಹೆಸರಿನಿಂದ. ಸಲುಗೆಯೂ ಇದೆ, ಅಂತರವೂ ಇದೆ. ಏಕವಚನವೋ ಬಹುವಚನವೋ ಒಂದನ್ನು ಮೊದಲ ಪುಟಕ್ಕೆ ಮುಂಚೆಯೇ ನಿರ್ಧರಿಸು. "ನೀವು" ಆದರೆ, ಇಡೀ ಕಥೆಯಲ್ಲಿ ಒಂದೇ ಒಂದು ಸಲ "ನೀನು" ಜಾರಲಿ, ಮರುಸಾಲಿನಲ್ಲೇ ಅವನು "ನೀವು"ಗೆ ಮರಳಲಿ. ಗಳಗಳ ಅಳುವಿಗಿಂತ ಅದು ಜೋರಾಗಿ ಕೇಳಿಸುತ್ತದೆ. ನಿರೂಪಣೆಯಲ್ಲಿ "ಹೋಮ್ಸ್ ಹೇಳಿದ" ಎನ್ನುತ್ತೀಯೋ "ಹೇಳಿದರು" ಎನ್ನುತ್ತೀಯೋ, ಅದೂ ವಾಟ್ಸನ್‌ನ ಸ್ವಭಾವವೇ.

ಒಂದನ್ನು ಬದಲಿಸಿದರೆ ಅದಕ್ಕೆ ಕಟ್ಟಿದ ದಾರಗಳೆಲ್ಲ ಎಳೆಯುತ್ತವೆ. ಪಂಪನನ್ನೇ ನೋಡು. (ಅವನನ್ನು ಫ್ಯಾನ್ ಫಿಕ್ಷನ್ ಬರಹಗಾರ ಅಂದರೆ ಪಂಡಿತರು ಕೋಲು ಹಿಡಿದು ಬರುತ್ತಾರೆ, ನನ್ನ ಹೆಸರು ಹೇಳಬೇಡ.) ಕ್ರಿ.ಶ. 941ರ ವಿಕ್ರಮಾರ್ಜುನ ವಿಜಯದಲ್ಲಿ ಅವನು ತನ್ನ ದೊರೆ ಅರಿಕೇಸರಿಯನ್ನೂ ಅರ್ಜುನನನ್ನೂ ಒಂದಾಗಿಸಿದ, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯಾಗಿಸಿದ. ಆದರೆ ದುಶ್ಶಾಸನನನ್ನು ಕೊಂದು ಅವಳ ಮುಡಿ ಕಟ್ಟುವವನು ಅಲ್ಲೂ ಭೀಮನೇ. ಗಂಡನಿದ್ದೂ ಭಾವ ಯಾಕೆ ಆ ಶಪಥ ಹೊರಬೇಕು? ದಾರ ನೇತಾಡುತ್ತಿದೆ. ಅದನ್ನು ಬಿಗಿಯಲು ಹೋಗಿ ಶಪಥವನ್ನು ಅರ್ಜುನನಿಗೆ ಕೊಟ್ಟಿದ್ದರೆ ಭೀಮ ಭೀಮನಾಗಿ ಉಳಿಯುತ್ತಿರಲಿಲ್ಲ. ಕಥೆಯ ಹೊಲಿಗೆ ಸಡಿಲವಾದರೂ ಪಾತ್ರ ಕೆಡಬಾರದು ಎಂಬ ಆ ಆಯ್ಕೆ ನನಗೆ ಸರಿ ಅನಿಸುತ್ತದೆ.

ನೀನು ಹೊಸದಾಗಿ ತಂದ ಆ ನರ್ಸ್ ಹುಡುಗಿಯ ಬಗ್ಗೆ ಎರಡೇ ಮಾತು. ಹೋಮ್ಸ್ ಕಾಣದ್ದನ್ನು ಅವಳು ಕಾಣಲಿ, ಅಡ್ಡಿಯಿಲ್ಲ. ಅವಳು ಚುರುಕಾಗಿ ಕಾಣಲೆಂದು ಹೋಮ್ಸ್ ದಡ್ಡನಾಗಿದ್ದಾನೆಯೇ ನೋಡಿಕೋ. ಎಲ್ಲರನ್ನೂ ಮೀರಿಸುವ ಹೊಸ ಪಾತ್ರವನ್ನು ತಂದಿಡುವ ಈ ರೋಗಕ್ಕೆ ಫ್ಯಾನ್ ಫಿಕ್ಷನ್ ಲೋಕದಲ್ಲಿ 1973ರಿಂದ ಮೇರಿ ಸ್ಯೂ ಎಂಬ ಹೆಸರಿದೆ.

ಇನ್ನು ಗೆಳತಿಯನ್ನು ಬೀಟಾ ರೀಡರ್ (ಪ್ರಕಟಿಸುವ ಮೊದಲೇ ಓದಿ ಹೇಳುವವಳು) ಮಾಡಿಕೊಂಡಿದ್ದೀಯಲ್ಲ, ಚೆನ್ನಾಗಿದೆಯಾ ಅಂತ ಕೇಳಬೇಡ. ನಂಬಿಕೆ ಕಳಚಿದ ಸಾಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆ, ಕಾರಣ ಬರೆಯಬೇಡ ಅನ್ನು. ಓದುಗರು ಎಡವಿದ ಜಾಗವನ್ನು ಸರಿಯಾಗಿ ತೋರಿಸುತ್ತಾರೆ, ಕಲ್ಲು ಸಾಮಾನ್ಯವಾಗಿ ಒಂದೆರಡು ಪುಟ ಹಿಂದೆ ಇರುತ್ತದೆ. ಅವಳ ಗೆರೆ ಬಿದ್ದಿರುವುದು ಹನ್ನೊಂದನೇ ಪುಟಕ್ಕೆ. ನೀನು ಕೈಹಾಕಬೇಕಾದದ್ದು ಒಂಬತ್ತಕ್ಕೆ. ಅಲ್ಲಿ ಡಾಕ್ಟರು ಬಂದು ನಾಡಿ ನೋಡಿ ತಲೆಯಾಡಿಸಿ ಹೋಗುತ್ತಾರೆ. ಅಷ್ಟು ಹೊತ್ತೂ ಹೋಮ್ಸ್ ಕೋಣೆಯಲ್ಲಿ ಎಲ್ಲಿ ನಿಂತಿದ್ದ, ಏನನ್ನು ನೋಡುತ್ತಿದ್ದ ಅನ್ನುವುದನ್ನು ನೀನು ಬರೆದೇ ಇಲ್ಲ.

ಅಮ್ಮ