ಗೆಳೆಯನಿಗೊಂದು ಪತ್ರ: ಸಿವಿಲ್ಲೋ, ಆರ್ಕಿಟೆಕ್ಚರೋ?

ಗೆಳೆಯಾ,

ಮಗಳು ಪಿಯುಸಿ ಪಾಸಾದ ಸುದ್ದಿ ಕೇಳಿ ಬಹಳ ಖುಷಿಯಾಯಿತು. "ಕಾಕಾ, ಇಂಜಿನಿಯರಿಂಗೂ ಆರ್ಕಿಟೆಕ್ಚರೂ ಕೂಡಿದ ಒಂದೇ ಡಿಗ್ರಿ ಇಲ್ಲೇನು?" ಅಂತ ಕೇಳಿದ್ದಳು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊರದೇಶಗಳಲ್ಲಿ ಇದೆ. ಇಟಲಿಯಲ್ಲಿ ಎರಡನ್ನೂ ಬೆಸೆದ ಐದು ವರ್ಷದ ಕೋರ್ಸ್ ಮುಗಿಸಿದವರು ಸರ್ಕಾರಿ ಪರೀಕ್ಷೆ ಬರೆದು ಇಂಜಿನಿಯರೂ ಆಗಬಹುದು, ಆರ್ಕಿಟೆಕ್ಟೂ ಆಗಬಹುದು. ನಮ್ಮಲ್ಲಿ ಸಾಮಾನ್ಯವಾಗಿ ಪಿಯುಸಿ ಆದ ಕೂಡಲೇ ದಾರಿ ಕವಲೊಡೆಯುತ್ತದೆ: ನಾಲ್ಕು ವರ್ಷದ ಬಿ.ಇ. ಸಿವಿಲ್, ಇಲ್ಲವೇ ಐದು ವರ್ಷದ ಬಿ.ಆರ್ಕ್. 1972ರ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಸಿವಿಲ್ ಮುಗಿಸಿದ ಮೇಲೆ ಆ ಆಸೆ ಹುಟ್ಟಿದರೆ ಮತ್ತೆ ಮೊದಲಿನಿಂದ ಬಿ.ಆರ್ಕ್ ಓದಬೇಕು. ಬಿ.ಆರ್ಕ್‌ನಲ್ಲಿ ಸ್ಟ್ರಕ್ಚರ್ಸ್, ಅಂದರೆ ಕಟ್ಟಡ ಭಾರ ಹೊರುವ ಬಗೆ, ಕಲಿಸುತ್ತಾರೆ ನಿಜ, ಆದರೆ ದೊಡ್ಡ ಕಟ್ಟಡದ ಭಾರದ ಲೆಕ್ಕ ಹಾಕಿ ಸಹಿ ಮಾಡುವಷ್ಟಲ್ಲ.

ಅಂಕಪಟ್ಟಿ ನೋಡಿ ತೀರ್ಮಾನ ಮಾಡಬೇಡ. ಅವಳನ್ನು ನಿಮ್ಮೂರ ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗು. ಎಲ್ಲರೂ ಮೇಲೆ ಹತ್ತಿ ಕೂಗಿ ಪ್ರತಿಧ್ವನಿ ಕೇಳಿ ಇಳಿದುಬಿಡುತ್ತಾರೆ. ಅವಳು ಕೆಳಗೆ, ಒಂದೂ ಕಂಬವಿಲ್ಲದ ಆ ಹಜಾರದ ನಡುವೆ ನಿಂತು ನೋಡಲಿ. ಚೌಕದ ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು, ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟವನ್ನು ಹೊತ್ತಿವೆ. ಗುಮ್ಮಟ ಹೊರಕ್ಕೆ ಒತ್ತುತ್ತದೆ. ಕಮಾನುಗಳ ನಡುವೆ ಒಳಕ್ಕೆ ಚಾಚಿದ ಕಲ್ಲು-ಗಾರೆಯ ತೂಕ ಆ ಒತ್ತಡಕ್ಕೆ ಎದುರು ನಿಲ್ಲುತ್ತದೆ. ಇದನ್ನು ಕಂಡಾಗ ಅವಳಿಗೆ ಮೊದಲು ಏಳುವ ಪ್ರಶ್ನೆ ಯಾವುದು? "ಇದು ಬೀಳದೆ ಹೇಗೆ ನಿಂತಿದೆ" ಎಂದಾದರೆ ಸಿವಿಲ್. "ಇಲ್ಲಿ ನಿಂತರೆ ಮನುಷ್ಯನಿಗೆ ಹೀಗೇಕೆ ಅನಿಸುತ್ತದೆ, ಬೆಳಕು ಎಲ್ಲಿಂದ ಬರುತ್ತದೆ" ಎಂದಾದರೆ ಆರ್ಕಿಟೆಕ್ಚರ್. ಎರಡೂ ಒಟ್ಟಿಗೇ ಎದ್ದರೆ ಬಿ.ಆರ್ಕ್ ಸೇರಿಸು ಅನ್ನುವವನು ನಾನು. ಸ್ಟ್ರಕ್ಚರಲ್ ಇಂಜಿನಿಯರನ ಪಕ್ಕ ಕೂತು ಭಾರದ ವಿವೇಕ ಕಲಿಯಬಹುದು. ಸ್ಟುಡಿಯೋದಲ್ಲಿ ಐದು ವರ್ಷ ಗೀಚಿ, ಅಳಿಸಿ, ಮಾಡೆಲ್ ಕಟ್ಟಿ ಪಳಗುವ ಕಣ್ಣು ಆಮೇಲೆ ಸಿಗುವುದು ಕಷ್ಟ.

ಒಬ್ಬರೇ ಎರಡೂ ಆಗಬೇಕೆಂದೇನಿಲ್ಲ. 1972ರಲ್ಲಿ ದಿಲ್ಲಿಯಲ್ಲಿ ಹಾಲ್ ಆಫ್ ನೇಷನ್ಸ್ ಎಂಬ ಪ್ರದರ್ಶನ ಸಭಾಂಗಣ ಕಟ್ಟಿದಾಗ ಆರ್ಕಿಟೆಕ್ಟ್ ರಾಜ್ ರೇವಾಲ್, ಇಂಜಿನಿಯರ್ ಮಹೇಂದ್ರ ರಾಜ್. ಉಕ್ಕಿನಲ್ಲಿ ಮಾಡುವಂಥ ಜಾಲರಿಯನ್ನು ಸ್ಥಳದಲ್ಲೇ ಕಾಂಕ್ರೀಟಿನಲ್ಲಿ ಎರಕ ಹೊಯ್ದರು. ಯಾರ ಕೆಲಸ ಎಲ್ಲಿ ಮುಗಿದು ಯಾರದು ಶುರುವಾಯಿತೆಂದು ಹೇಳಲಾಗದ ಕಟ್ಟಡ. 2017ರಲ್ಲಿ ಅದನ್ನು ಕೆಡವಿದ್ದು ನನಗೆ ಇವತ್ತಿಗೂ ಸಂಕಟ.

ಬಿ.ಆರ್ಕ್ ಎಂದಾದರೆ ಸಿಇಟಿ ರ‍್ಯಾಂಕ್ ಸಾಲದು, ಆರ್ಕಿಟೆಕ್ಚರ್ ಪ್ರವೇಶಕ್ಕೆಂದೇ ಇರುವ ನಾಟಾ ಅಥವಾ ಜೆಇಇ ಪೇಪರ್-2 ಪರೀಕ್ಷೆ ಬರೆಯಬೇಕು. ಕಾಲೇಜು ನೋಡಲು ಹೋದಾಗ ಗೇಟು, ಗಾಜಿನ ಬಿಲ್ಡಿಂಗು ಬಿಡು. ಸ್ಟುಡಿಯೋ ರಾತ್ರಿ ತೆರೆದಿರುತ್ತದೆಯೇ, ಸ್ಟ್ರಕ್ಚರ್ಸ್ ಪಾಠ ಮಾಡುವವರು ಸೈಟಿಗೆ ಕರೆದೊಯ್ಯುತ್ತಾರೆಯೇ ಎಂದು ಕೊನೆಯ ವರ್ಷದ ಹುಡುಗರನ್ನೇ ಕೇಳು. ಕಾಲೇಜುಗಳ ಆಯ್ಕೆ ತುಂಬುವ ಆಪ್ಷನ್ ಎಂಟ್ರಿಗೆ ಮುಂಚೆ ಅವಳ ಕೈಯಲ್ಲೇ ನನಗೊಂದು ಫೋನ್ ಮಾಡಿಸು.

ನಿನ್ನ ಗೆಳೆಯ