ಸಿಗರೇಟು ಬಿಟ್ಟವರ ಸುಸ್ತಿನ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಸಿಗರೇಟು ಬಿಡುವುದರ ಬಗ್ಗೆ ಪತ್ರಿಕೆಯಲ್ಲಿ ಬರುವ ಲೇಖನಗಳನ್ನು ನಾನು ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಶ್ವಾಸಕೋಶದ ಬಗ್ಗೆ ಇರುತ್ತದೆ, ಹೃದಯದ ಬಗ್ಗೆ ಇರುತ್ತದೆ. ಬಿಟ್ಟ ಮೇಲೆ ಸಿಟ್ಟು ಬರುತ್ತದೆ, ಹಸಿವು ಜಾಸ್ತಿಯಾಗುತ್ತದೆ ಅಂತಲೂ ಬರೆದಿರುತ್ತಾರೆ. ಆದರೆ ಮೈಯಲ್ಲಿ ಜೀವವೇ ಇಲ್ಲ ಅನ್ನಿಸುವ ಆ ಸುಸ್ತಿನ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಎರಡು ಸಲ ಸೋತಿದ್ದು ಆ ಸುಸ್ತಿನಿಂದಲೇ. ಅದಕ್ಕೇ ಈ ಪತ್ರ.

ನಾನು ಲೇತ್ ಮೆಷಿನ್ ಮೇಲೆ, ಅಂದರೆ ಲೋಹದ ತುಂಡನ್ನು ತಿರುಗಿಸಿ ಕೊರೆಯುವ ಯಂತ್ರದ ಮೇಲೆ, ಕೆಲಸ ಮಾಡುವವನು. 22 ವರ್ಷ ಸೇದಿದೆ. ದಿನಕ್ಕೆ ಹದಿನೈದಕ್ಕೆ ಕಡಿಮೆ ಇರಲಿಲ್ಲ. ಮೊದಲ ಸಲ ಬಿಟ್ಟಾಗ ನಾಲ್ಕನೇ ದಿನ ಮೆಷಿನ್ ಮುಂದೆ ನಿಂತಲ್ಲೇ ಕಣ್ಣು ಮುಚ್ಚಿಹೋಯಿತು. ಒಂದೇ ಕ್ಷಣ. ಆ ತುಂಡನ್ನು ಹಿಡಿದು ಜೋರಾಗಿ ತಿರುಗುವ ಚಕ್ ಮುಂದೆ ಆ ಒಂದು ಕ್ಷಣ ಏನು ಮಾಡಬಹುದು ಅಂತ ಈ ಕೆಲಸದವರಿಗೆ ಗೊತ್ತು. ಹೆದರಿ ಹೊರಗೆ ಹೋಗಿ ಸಿಗರೇಟು ಹಚ್ಚಿದೆ. ಎರಡು ದಮ್ಮು ಎಳೆಯುವಷ್ಟರಲ್ಲಿ ತಲೆ ತಿಳಿಯಾಯಿತು. ನನ್ನ ಮೈಗೆ ಇದು ಬೇಕೇ ಬೇಕು ಅಂತ ಅವತ್ತು ತೀರ್ಮಾನಿಸಿಬಿಟ್ಟೆ. ಎರಡನೇ ಸಲವೂ ಹೀಗೇ ಆಯಿತು, ಆರನೇ ದಿನಕ್ಕೆ.

ಮೂರನೇ ಸಲ ಬಿಡುವ ಮೊದಲು ಡಾಕ್ಟರ ಹತ್ತಿರ ಹೋದೆ. ನಿಕೋಟಿನ್ ಮೈಯನ್ನು ಎಬ್ಬಿಸುವ ವಸ್ತು ಎಂದು ಅವರು ಬಿಡಿಸಿ ಹೇಳಿದರು. ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ಮಿದುಳು ಮುಟ್ಟುತ್ತದೆ, ಎದೆಬಡಿತ ಏರುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಆಗ ಮಂಕು ಕವಿಯುತ್ತದೆ, ಇನ್ನೊಂದು ಹಚ್ಚುತ್ತೇವೆ. ವರ್ಷಗಟ್ಟಲೆ ಯಾರೋ ಹಿಂದಿನಿಂದ ನೂಕುತ್ತಿದ್ದರೆ ಓಡಿದ ಮೈ ಇದು. ನೂಕುವುದು ನಿಂತಾಗ ಕುಸಿದು ಕೂರುತ್ತದೆ. ಅಂದರೆ ನನ್ನ ಸುಸ್ತನ್ನು ಕಳೆದ ಸಿಗರೇಟೇ ಆ ಸುಸ್ತನ್ನು ತಂದಿತ್ತು. ಮೊದಲ ಮೂರ್ನಾಲ್ಕು ದಿನ ಬಹಳ ಕಷ್ಟ, ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ ಎಂದರು. ಈ ಒಂದು ಮಾತು ಮೊದಲೇ ಗೊತ್ತಿದ್ದರೆ ನನ್ನ ಎಷ್ಟು ವರ್ಷ ಉಳಿಯುತ್ತಿತ್ತು!

ಕಾಫಿಯ ವಿಷಯ ಕೇಳಿ ನನಗೆ ಆಶ್ಚರ್ಯವೇ ಆಯಿತು. ಸುಸ್ತು ಅಂತ ಹಿಂದಿನ ಎರಡು ಸಲವೂ ನಾಲ್ಕು ಲೋಟದ ಕಾಫಿಯನ್ನು ಏಳಕ್ಕೆ ಏರಿಸಿದ್ದೆ. ಸಿಗರೇಟಿನ ಹೊಗೆಯಿಂದ ನಮ್ಮ ಲಿವರ್ ಕಾಫಿಯಲ್ಲಿ ನಿದ್ದೆ ಓಡಿಸುವ ಕೆಫೀನನ್ನು ಹೆಚ್ಚುಕಡಿಮೆ ಎರಡು ಪಟ್ಟು ವೇಗದಲ್ಲಿ ಕರಗಿಸುತ್ತದಂತೆ. ಹೊಗೆ ನಿಂತ ಮೇಲೆ ಅದೇ ಕಾಫಿ ಮೈಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ರಾತ್ರಿ ಎರಡು ಗಂಟೆಗೂ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದುದು ಇದಕ್ಕೇ. ಈ ಸಲ ಎರಡೇ ಲೋಟ, ಮಧ್ಯಾಹ್ನದ ಮೇಲೆ ಇಲ್ಲವೇ ಇಲ್ಲ. ನಾಲ್ಕನೇ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕೆಲವು ಮಾತ್ರೆಗಳ ವಿಷಯವೂ ಹೀಗೇ. ಉಬ್ಬಸಕ್ಕೋ ಮನಸ್ಸಿನ ಕಾಯಿಲೆಗೋ ಔಷಧಿ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮೊದಲೇ ಡಾಕ್ಟರಿಗೆ ಹೇಳಬೇಕು. ಪ್ರಮಾಣ ಬದಲಿಸಬೇಕಾಗಬಹುದು.

ಇನ್ನೊಂದನ್ನು ಯಾರೂ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡೆ. ಸೇದುತ್ತಿದ್ದಾಗ ಒಂದು ಶಿಫ್ಟಿನಲ್ಲಿ ಆರೇಳು ಸಲ ಹೊರಗೆ ಹೋಗುತ್ತಿದ್ದೆ. ಗಾಳಿ, ಬೆಳಕು, ಯಾರ ಜೊತೆಗಾದರೂ ನಾಲ್ಕು ಮಾತು. ಬಿಟ್ಟ ಮೇಲೆ ಹೊರಗೆ ಹೋಗಲು ಕಾರಣವೇ ಇಲ್ಲ, ಅಲ್ವಾ? ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ನಿಂತೇ ಇದ್ದೆ. ಸಿಗರೇಟಿನ ಜೊತೆ ನನ್ನ ಬಿಡುವೂ ಹೋಗಿತ್ತು. ಐದನೇ ದಿನದಿಂದ ಅದೇ ಹೊತ್ತಿಗೆ ಸುಮ್ನೆ ಹೊರಗೆ ಹೋಗಿ ನಡೆದು ಬರತೊಡಗಿದೆ. ಸೇದುವವರು ನಿಲ್ಲುವ ಕಡೆ ಮಾತ್ರ ಹೋಗುತ್ತಿರಲಿಲ್ಲ. ಐದು ನಿಮಿಷ ಕಾಲಾಡಿಸಿದರೆ ತೂಕಡಿಕೆಯೂ ಹೋಗುತ್ತಿತ್ತು, ಸೇದಬೇಕು ಅನ್ನುವ ತುಡಿತವೂ ಅಷ್ಟರಲ್ಲಿ ಇಳಿಯುತ್ತಿತ್ತು. ಊಟದ ಬಿಡುವಿನಲ್ಲಿ ಅಲಾರಂ ಇಟ್ಟುಕೊಂಡು 20 ನಿಮಿಷ ಕಣ್ಣು ಮುಚ್ಚುತ್ತಿದ್ದೆ. ಅದಕ್ಕಿಂತ ಜಾಸ್ತಿ ಮಲಗಿದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಸೂಪರ್‌ವೈಸರ್ ಹತ್ತಿರ ವಿಷಯ ಹೇಳಲು ನಾಚಿಕೆಯಾಗಿತ್ತು. ಆದರೂ ಹೇಳಿದೆ. ಅವರು ಹತ್ತು ದಿನ ನನ್ನನ್ನು ಮೆಷಿನ್ ಬಿಡಿಸಿ, ಸಿದ್ಧವಾದ ಬಿಡಿಭಾಗಗಳ ಅಳತೆ ನೋಡುವ ಕೆಲಸಕ್ಕೆ ಹಾಕಿದರು. ಮನೆಯಲ್ಲಿ ಹೆಂಡತಿ, "ರೀ, ಏನೂ ಮಾಡಬೇಡಿ, ಒಂಬತ್ತಕ್ಕೆ ಮಲಗಿಬಿಡಿ" ಅಂದಳು. ಎರಡು ವಾರ ಮನೆಯ ಅರ್ಧ ಭಾರ ಅವಳ ಮೇಲೇ ಬಿತ್ತು. ಆ ಋಣ ದೊಡ್ಡದು.

ಆ ದಿನಗಳಲ್ಲಿ ಒಂದು ವಿಚಿತ್ರ ಗಮನಿಸಿದೆ. ಮೈ ಭಾರ, ಆದರೆ ಮೆಟ್ಟಿಲು ಹತ್ತುವಾಗ ಉಸಿರು ಹಗುರ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಗಾಳಿ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತಿರುತ್ತದೆ, ಬಿಟ್ಟ ಒಂದೆರಡು ದಿನದಲ್ಲೇ ಅದು ಹೊರಟುಹೋಗುತ್ತದೆ. ಸುಸ್ತಿನ ನಡುವೆಯೂ ಒಳಗೆ ಏನೋ ಸರಿಹೋಗುತ್ತಿದೆ ಅನ್ನುವ ಧೈರ್ಯ ನನಗೆ ಆ ಮೆಟ್ಟಿಲುಗಳ ಮೇಲೆ ಸಿಕ್ಕಿತು. ಮೂರನೇ ವಾರದಲ್ಲಿ ಸುಸ್ತು ಬಿಟ್ಟು ಬಿಟ್ಟು ಬರತೊಡಗಿತು. ನಾಲ್ಕನೇ ವಾರ ಒಂದು ದಿನ ಅಲಾರಂಗೆ ಮೊದಲೇ ಎಚ್ಚರವಾಯಿತು. ಈ ಪತ್ರ ಬರೆಯುವಾಗ 97 ದಿನ. ಯಾರಿಗಾದರೂ ತಿಂಗಳು ಕಳೆದರೂ ಸುಸ್ತು ಇಳಿಯದಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಮನಸ್ಸು ಕುಗ್ಗಿರಬಹುದು.

ದಯವಿಟ್ಟು ನಿಮ್ಮ ಆರೋಗ್ಯ ಪುಟದಲ್ಲಿ ಈ ಸುಸ್ತಿನ ಬಗ್ಗೆ ತಿಳಿದವರಿಂದ ಬರೆಸಿ. ಗಾಡಿ ಓಡಿಸುವವರು, ಮೆಷಿನ್ ಮುಂದೆ ನಿಲ್ಲುವವರು, ರಾತ್ರಿ ಪಾಳಿಯವರು ಬಿಡುವ ಮೊದಲೇ ಅದನ್ನು ಓದಿರಬೇಕು.

ನಮ್ಮಲ್ಲಿ ಒಬ್ಬ ಹುಡುಗ ಸೋಮವಾರದಿಂದ ಬಿಡುತ್ತೇನೆ ಅಂದಿದ್ದಾನೆ. "ಅಣ್ಣ, ಆ ವಾರ ನನಗೆ ರಾತ್ರಿ ಪಾಳಿ ಇದೆ" ಅಂದ. ಆ ಪಾಳಿಯನ್ನು ನಾನು ನನ್ನ ಹೆಸರಿಗೆ ಬರೆಸಿಕೊಂಡಿದ್ದೇನೆ.

ಇತಿ,
ಒಬ್ಬ ಲೇತ್ ಕೆಲಸಗಾರ